ಕರ್ಲ್ ಶಾಸನಗಳಲ್ಲಿ ಸ್ವಸ್ತಿವಾಚನ: ಒಂದು ಪ್ರೌಢ ಸಂಶೋಧನೆ

ಕನ್ನಡದ ಶಾಸನಶಾಸ್ತ್ರ ಈವರೆಗೆ ಕಲ್ಲಿಗೂ ತಾಮ್ರಕ್ಕೂ ಅಂಟಿಕೊಂಡು ಕೂತಿರುವುದು ವಿಷಾದದ ಸಂಗತಿ. ಎಪಿಗ್ರಾಫಿಯಾ ಕರ್ನಾಟಿಕಾದ ಬಿ.ಎಲ್. ರೈಸರ ಕಾಲದಲ್ಲಿ ಎಐ ಇರಲಿಲ್ಲವಾದ್ದರಿಂದ ಅವರನ್ನು ದೂರುವಂತಿಲ್ಲ. ಆದರೆ 2023ರಿಂದೀಚೆಗೆ ಓಪನ್ ಸೋರ್ಸ್ ಯೋಜನೆಗಳ ಅಂಗಳಕ್ಕೆ ರಾಶಿರಾಶಿ ಬಂದು ಬೀಳುತ್ತಿರುವ ಬಗ್ ವರದಿಗಳನ್ನೂ, ಕೋಡಿಗೆ ತಿದ್ದುಪಡಿ ಸೇರಿಸಿಕೊಳ್ಳಿ ಎಂದು ಕೋರುವ ಪುಲ್ ರಿಕ್ವೆಸ್ಟ್‌ಗಳನ್ನೂ ಇಂದಿನ ವಿದ್ವಾಂಸರು ಕಣ್ಣೆತ್ತಿ ನೋಡದಿರುವುದು ಅಕ್ಷಮ್ಯ. ಆ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. (ಬಡ್ತಿಗೆ ಅಂಕ ಬೇಕಿರುವುದು ಎರಡನೆಯ ಉದ್ದೇಶ, ಅದನ್ನು ಪೀಠಿಕೆಯಲ್ಲಿ ಹೇಳುವ ಸಂಪ್ರದಾಯವಿಲ್ಲ.)

ಮೊದಲು ಲಕ್ಷಣ. ಕಳಿಸಿದವನೇ ಓದಿರದ, ಆದರೆ ಕೈಗೆ ಬಂದವನು ಕೊನೆಯ ಸಾಲಿನವರೆಗೆ ಓದಲೇಬೇಕಾದ ಯಂತ್ರರಚಿತ ಬರಹಕ್ಕೆ ಕಸಶಾಸನವೆಂದು ಹೆಸರು. ಈ ಲಕ್ಷಣ ನಮ್ಮ ಪಿಎಚ್.ಡಿ. ಮಹಾಪ್ರಬಂಧಗಳಿಗೂ ಅನ್ವಯಿಸಿ ಅತಿವ್ಯಾಪ್ತಿ ದೋಷ ಬರುತ್ತದಲ್ಲ ಎಂದು ಪೂರ್ವಪಕ್ಷ. ಬರುವುದಿಲ್ಲ, ಮಹಾಪ್ರಬಂಧವನ್ನು ಪರೀಕ್ಷಕರೂ ಓದುವುದಿಲ್ಲ.

ಕ್ಷೇತ್ರಕಾರ್ಯಕ್ಕೆ ಆರಿಸಿಕೊಂಡದ್ದು ಕರ್ಲ್ ಎಂಬ ತಂತ್ರಾಂಶ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಿಂದ ಇದನ್ನು ಈ ಹೆಸರಿನಲ್ಲಿ ಸಾಕಿಕೊಂಡು ಬಂದಿದ್ದಾರೆ. ಜಾಲದ ಒಂದು ಕಡೆಯಿಂದ ಇನ್ನೊಂದು ಕಡೆಗೆ ದತ್ತಾಂಶ ಸಾಗಿಸುವುದು ಇದರ ಕೆಲಸ. ಓದುಗರ ಫೋನಿನಲ್ಲಿ, ಟಿವಿಯಲ್ಲಿ, ಕಾರಿದ್ದರೆ ಕಾರಿನಲ್ಲಿ ಇದು ಇದ್ದೇ ಇರುವ ಸಂಭವ ಹೆಚ್ಚು. ಭದ್ರತಾ ದೋಷ ಹುಡುಕಿಕೊಟ್ಟವರಿಗೆ 2019ರಿಂದ ಬಹುಮಾನ ಕೊಡುವ ವ್ಯವಸ್ಥೆ ಇತ್ತು. 2025ರ ಜುಲೈ ಹೊತ್ತಿಗೆ 81 ನಿಜವಾದ ದೋಷಗಳಿಗೆ 90,000 ಡಾಲರ್‌ಗೂ ಹೆಚ್ಚು ಸಂದಿತ್ತು. ಬಹುಮಾನವಿದ್ದಲ್ಲಿ ಶಾಸನ ಹುಟ್ಟುತ್ತದೆ ಎಂಬುದು ಗಂಗ ಕದಂಬರ ಕಾಲದಿಂದಲೂ ಸಿದ್ಧವಾದ ಮಾತು.

ಉಪಲಬ್ಧ ಕಸಶಾಸನಗಳಲ್ಲಿ ಎರಡನ್ನು ಇಲ್ಲಿ ಪರಿಶೀಲಿಸಲಾಗಿದೆ. ಮೊದಲನೆಯದರ ಕಾಲ ನಿರ್ವಿವಾದ: 2023ರ ಅಕ್ಟೋಬರ್. ಗಂಭೀರ ದೋಷವೊಂದರ ವಿವರವನ್ನು ಅಕ್ಟೋಬರ್ 11ರಂದು ಬಹಿರಂಗಪಡಿಸುವುದಾಗಿ ಸ್ಟೆನ್‌ಬರ್ಗ್ ಮುಂಚೆಯೇ ಸಾರಿದ್ದರು. ಅದರ ಹಿಂದಿನ ದಿನ ಒಬ್ಬ ಮಹನೀಯರು, ಆ ಗುಟ್ಟು ಆಗಲೇ ಸೋರಿಹೋಗಿದೆ ಎಂದು ವರದಿ ಕಳಿಸಿದರು. ತಂಡ ಗಾಬರಿಬಿದ್ದು ನೋಡಿದರೆ, ಹಳೆಯ ದೋಷಗಳ ಚೂರುಪಾರು ಸೇರಿಸಿ ಗೂಗಲ್‌ನ ಎಐ ಬಾರ್ಡ್ ಕಟ್ಟಿದ ಕಥೆ ಅದು. ಮಹನೀಯರೇ ಬಾರ್ಡನ್ನು ಕೇಳಿದ್ದಾಗಿ ಒಪ್ಪಿಕೊಂಡಿದ್ದರಿಂದ ಕರ್ತೃತ್ವದ ಪ್ರಶ್ನೆಯೂ ಉಳಿಯಲಿಲ್ಲ. ಕವಿಕಾಲನಿರ್ಣಯಕ್ಕಾಗಿ ಜೀವ ತೇದ ನಮ್ಮ ಹಿರಿಯರಿಗೆ ಈ ಸೌಕರ್ಯ ಸಿಕ್ಕಿದ್ದರೆ!

ಎರಡನೆಯದು ಅದೇ ವರ್ಷದ ಡಿಸೆಂಬರಿನದು, ಇನ್ನೂ ಪ್ರೌಢ. ವೆಬ್‌ಸಾಕೆಟ್ ಭಾಗದಲ್ಲಿ ಉದ್ದ ನೋಡದೆ ಅಕ್ಷರಗಳನ್ನು ನಕಲು ಮಾಡುವುದರಿಂದ ಬಫರ್ ಉಕ್ಕುತ್ತದೆ ಎಂಬುದು ವರದಿಯ ವಾದ. ಭಾಷೆ ಶುದ್ಧ, ಉಪಶೀರ್ಷಿಕೆಗಳು ಅಚ್ಚುಕಟ್ಟು, ಪರಿಹಾರವೂ ಜೊತೆಗಿದೆ. ಉದ್ದ ನೋಡುವ ಸಾಲು ಮೂಲ ಕೋಡಿನಲ್ಲಿ ಇದೆಯಲ್ಲ, ಎಲ್ಲಿ ಉಕ್ಕುತ್ತದೆ ತೋರಿಸಿ ಎಂದರೆ, ಮೊದಲಿಗಿಂತ ವಿನಯವಾದ, ಮೊದಲಿಗಿಂತ ಉದ್ದವಾದ, ಮೊದಲಿನಷ್ಟೇ ತಪ್ಪಾದ ಉತ್ತರ. ಮತ್ತೆ ಕೇಳಿದರೆ ಮತ್ತಷ್ಟು ವಿನಯ. ಕೊನೆಗೆ ವರದಿಯನ್ನು ಮುಚ್ಚಲಾಯಿತು.

ಇಲ್ಲಿಂದ ಒಂದು ಆಂತರಿಕ ಪ್ರಮಾಣ ದೊರೆಯುತ್ತದೆ. ದಾನಶಾಸನ ಸ್ವಸ್ತಿಶ್ರೀಯಿಂದ ಶುರುವಾಗುವಂತೆ ಕಸಶಾಸನ ಸೌಜನ್ಯದಿಂದ ಶುರುವಾಗುತ್ತದೆ. ನಿಜವಾದ ಪ್ರೋಗ್ರಾಮರ್ ಹಾಗಲ್ಲ. ‘ಇದು ಕೆಟ್ಟಿದೆ’ ಎಂದು ಒಂದೂವರೆ ಸಾಲು ಬರೆದು, ಕಾಗುಣಿತ ತಪ್ಪಿ, ಊಟಕ್ಕೆ ಹೋಗುತ್ತಾನೆ. ಹೀಗಾಗಿ ಒರಟುತನವೇ ಪ್ರಾಚೀನತೆಯ, ಅಂದರೆ ಮನುಷ್ಯಕರ್ತೃತ್ವದ, ಗುರುತೆಂದು ಪ್ರಸ್ತುತ ಲೇಖಕ ಪ್ರತಿಪಾದಿಸುತ್ತಾನೆ. ಇನ್ನು ಮುಂದೆ ಯಂತ್ರಕ್ಕೆ ‘ಸ್ವಲ್ಪ ಒರಟಾಗಿ ಬರಿ’ ಎಂದು ಹೇಳಿಕೊಟ್ಟರೆ ಈ ಸಿದ್ಧಾಂತ ಬಿದ್ದುಹೋಗುತ್ತದೆ. ಅಷ್ಟರೊಳಗೆ ಬಡ್ತಿ ಆಗಿರುತ್ತದೆ.

ಕಸಶಾಸನ ಬರೆಯಲು ತಗಲುವ ಹೊತ್ತು ಒಂದು ನಿಮಿಷವೂ ಅಲ್ಲ. ಓದುವ ಲೆಕ್ಕವೇ ಬೇರೆ. ಕರ್ಲ್‌ನ ಭದ್ರತಾ ತಂಡದಲ್ಲಿದ್ದವರು ಏಳು ಜನ. ಒಂದೊಂದು ವರದಿಗೂ ಮೂರು ನಾಲ್ಕು ಜನ, ತಲಾ ಅರ್ಧ ಗಂಟೆಯಿಂದ ಹಿಡಿದು ಕೆಲವೊಮ್ಮೆ ಮೂರು ಗಂಟೆ. 2025ರ ಮೊದಲಾರ್ಧದಲ್ಲಿ ಬಂದದ್ದರಲ್ಲಿ ಸುಮಾರು ಐದರಲ್ಲೊಂದು ಎಐ ಕಸ, ಇಪ್ಪತ್ತರಲ್ಲೊಂದು ಮಾತ್ರ ನಿಜವಾದ ದೋಷ. ತಂಡದಲ್ಲಿ ಹೆಚ್ಚಿನವರು ಬಿಡುವಿನ ಹೊತ್ತಿನಲ್ಲಿ ದುಡಿಯುವವರು ಎಂಬ ಸಂಗತಿಯನ್ನು ಅಡಿಟಿಪ್ಪಣಿಗೆ ತಳ್ಳಬಹುದಿತ್ತು, ಅಡಿಟಿಪ್ಪಣಿಗೆ ಜಾಗವಿಲ್ಲ.

ಈಗ ಶಾಪಾಶಯ. ದತ್ತಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆಂದು ದಾನಶಾಸನಗಳು ಕೊನೆಯಲ್ಲಿ ಎಚ್ಚರಿಸುತ್ತವೆ. ಓಪನ್ ಸೋರ್ಸಿನಲ್ಲಿ ಆ ಸ್ಥಾನ ಲೈಸೆನ್ಸಿನದು. ಕ್ವೇಕ್ 3 ಆಟದ ಕೋಡನ್ನು 2005ರಲ್ಲಿ ಜಿಪಿಎಲ್ ಅಡಿ ದತ್ತಿ ಬಿಡಲಾಗಿತ್ತು: ಬಳಸಿ, ತಿದ್ದಿ, ಆದರೆ ತಿದ್ದಿದ್ದನ್ನು ಹಂಚುವುದಾದರೆ ಇದೇ ಷರತ್ತಿನ ಮೇಲೆ ಹಂಚಿ. 2021ರಲ್ಲಿ ಗಿಟ್‌ಹಬ್ ಕೋಪೈಲಟ್ ಎಂಬ ಕೋಡ್ ಬರೆಯುವ ಎಐ ಬಂದ ಹೊಸತರಲ್ಲಿ, ವರ್ಗಮೂಲದ ವಿಲೋಮವನ್ನು ಚಕ್ಕನೆ ಲೆಕ್ಕಹಾಕುವ, ಕ್ವೇಕ್ ಕೋಡಿನ ಪ್ರಸಿದ್ಧ ತುಣುಕನ್ನು ಯಂತ್ರ ಅಕ್ಷರಶಃ ಒಪ್ಪಿಸಿತು, ಮೂಲ ಲಿಪಿಕಾರ ಟಿಪ್ಪಣಿಯಲ್ಲಿ ಬರೆದಿದ್ದ ಬೈಗುಳದ ಸಮೇತ. ಲೈಸೆನ್ಸ್ ಕೇಳಿದರೆ ಸಂಬಂಧವೇ ಇಲ್ಲದ ಇನ್ನೊಂದನ್ನು ಕೊಟ್ಟಿತು. ಬೈಗುಳ ಉಳಿದು ಶಾಪ ಬಿಟ್ಟುಹೋದ ಈ ಪಾಠಾಂತರ ಗ್ರಂಥಸಂಪಾದಕರಿಗೆ ಹಬ್ಬ.

ಇದೆಲ್ಲ ಯಂತ್ರದಿಂದಲೇ ಶುರುವಾಯಿತು ಎನ್ನುವವರು ಕ್ರಿಸ್ತಶಕ 2020ನ್ನು ಮರೆತಿದ್ದಾರೆ. ಆ ಅಕ್ಟೋಬರಿನಲ್ಲಿ, ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಉಡುಗೊರೆ ಹಂಚುವ ಹ್ಯಾಕ್ಟೋಬರ್‌ಫೆಸ್ಟ್ ಟೀ ಶರ್ಟಿನ ಆಸೆಗೆ, ಒಂದು ವಿಶೇಷಣ ಸೇರಿಸಿದ ಪುಲ್ ರಿಕ್ವೆಸ್ಟ್‌ಗಳು ಊರೆಲ್ಲ ತುಂಬಿದವು. 2024ರಲ್ಲಿ ಎಕ್ಸ್‌ಪ್ರೆಸ್ ಯೋಜನೆಯ ರೀಡ್‌ಮೀ ಕಡತಕ್ಕೆ ತಮ್ಮ ಹೆಸರು ಕೆತ್ತಲು ಬಂದವರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳೇ ಬಹಳ. ವಿಡಿಯೊ ಪಾಠ ನೋಡಿ ಕಲಿತದ್ದನ್ನು ಅಲ್ಲೇ ಪ್ರಯೋಗಿಸಿದ್ದರು. ಹಂಪಿಯ ಗೋಡೆ ಕಂಡವರಿಗೆ ಈ ಪರಂಪರೆಯ ಆಳ ವಿವರಿಸಬೇಕಿಲ್ಲ. ಎಐ ಬಂದು ಕಲ್ಲು ಕೆತ್ತುವ ಶ್ರಮವನ್ನು ಉಳಿಸಿತು, ಅಷ್ಟೆ.

ವೇಗದ ವಿಷಯ. 2025ರಲ್ಲಿ ಮೀಟರ್ ಸಂಸ್ಥೆ 16 ಜನ ಅನುಭವಿ ಓಪನ್ ಸೋರ್ಸ್ ಡೆವಲಪರುಗಳ 246 ಕೆಲಸಗಳನ್ನು, ಎಐ ಕೊಟ್ಟೂ ಕೊಡದೆಯೂ, ಅಳೆದು ನೋಡಿತು. ಎಐ ಇದ್ದರೆ ಶೇ. 24ರಷ್ಟು ಹೊತ್ತು ಉಳಿಯುತ್ತದೆಂದು ಅವರ ಊಹೆ. ಮುಗಿದ ಮೇಲೂ ಶೇ. 20 ಉಳಿಯಿತೆಂದು ನಂಬಿಕೆ. ಗಡಿಯಾರದ ಪ್ರಕಾರ ಶೇ. 19 ಹೆಚ್ಚು ಹೊತ್ತು ಹಿಡಿದಿತ್ತು. ಶಂಕರರ ಅಧ್ಯಾಸಕ್ಕೆ ಇಷ್ಟು ಕರಾರುವಾಕ್ಕಾದ ದೃಷ್ಟಾಂತ ವೇದಾಂತಿಗಳಿಗೂ ಸಿಕ್ಕಿರಲಿಲ್ಲ.

ಆದರೂ ಯಂತ್ರ ಸರ್ವಥಾ ತ್ಯಾಜ್ಯವೆಂದು ತೀರ್ಮಾನಿಸಲು ಒಂದು ಅಡ್ಡಿಯಿದೆ. 2025ರ ಸೆಪ್ಟೆಂಬರಿನಲ್ಲಿ ಭದ್ರತಾ ಸಂಶೋಧಕರೊಬ್ಬರು ಎಐ ಸಾಧನಗಳಿಂದಲೇ ಕರ್ಲ್ ಕೋಡನ್ನು ಜಾಲಾಡಿಸಿ ಪಟ್ಟಿಯೊಂದನ್ನು ಕಳಿಸಿದರು. ಅದರಿಂದ ಸುಮಾರು ಐವತ್ತು ತಪ್ಪುಗಳು ತಿದ್ದಲ್ಪಟ್ಟವು. ಸ್ಟೆನ್‌ಬರ್ಗ್ ಬಾಯ್ತುಂಬ ಹೊಗಳಿದರು. ಸಾಧನ ಅದೇ ಜಾತಿಯದು, ನಡುವೆ ಒಬ್ಬ ಓದುಗನಿದ್ದ. ಜೆಂಟೂ, ನೆಟ್‌ಬಿಎಸ್‌ಡಿ ಯೋಜನೆಗಳು 2024ರಲ್ಲೇ ಎಐ ಕೋಡಿಗೆ ಬಾಗಿಲು ಹಾಕಿವೆ. ಓದುಗನಿರುವನೋ ಇಲ್ಲವೋ ಎಂದು ಪ್ರತಿಯೊಬ್ಬರನ್ನೂ ಪರೀಕ್ಷಿಸುವುದಕ್ಕಿಂತ ಅದು ಅಗ್ಗ. ಕರ್ಲ್‌ನ ಬಹುಮಾನ 2026ರ ಜನವರಿ ಅಂತ್ಯಕ್ಕೆ ನಿಂತಿತು. ಪ್ರಾಮಾಣಿಕವಾಗಿ ಹುಡುಕುತ್ತಿದ್ದವರಿಗೂ ಅದರೊಂದಿಗೆ ನಷ್ಟವಾಯಿತು ಎಂಬುದು ಈ ಸಂಶೋಧನೆಯಲ್ಲಿ ನಗು ಬಾರದ ಒಂದೇ ಫಲಿತಾಂಶ.

ಪ್ರಬಂಧದಲ್ಲಿ ದೋಷಗಳಿದ್ದಲ್ಲಿ ಸಹೃದಯ ವಿದ್ವಾಂಸರು ತಿದ್ದಿ ಕಳಿಸಬೇಕಾಗಿ ಪ್ರಾರ್ಥನೆ. ಕಳಿಸುವ ಮುನ್ನ ಖುದ್ದಾಗಿ ಒಮ್ಮೆ ಓದಿರಬೇಕು. ಬಹುಮಾನವಿಲ್ಲ.