ಶರ್ವಿಲಕ ಮತ: ಸಾಫ್ಟ್‌ವೇರ್ ಟೆಸ್ಟರನ ಏಳಿಗೆಯಲ್ಲಿ ಚೌರ್ಯದ ಪಾತ್ರ, ಒಂದು ಅಧ್ಯಯನ

ಸಾಫ್ಟ್‌ವೇರ್ ಟೆಸ್ಟಿಂಗ್ ಎಂಬ ವಿದ್ಯೆಯ ಮೂಲಪುರುಷ ಯಾರೆಂಬ ಪ್ರಶ್ನೆಯನ್ನು ಪಾಶ್ಚಾತ್ಯ ಪಂಡಿತರು ಅವಸರದಲ್ಲಿ ಇತ್ಯರ್ಥ ಮಾಡಿಬಿಟ್ಟಿದ್ದಾರೆ. ಅವರ ಪ್ರಕಾರ 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಯಂತ್ರದ ರಿಲೇಯೊಳಗೆ ಒಂದು ಪತಂಗ ಸಿಕ್ಕಿತು, ಅದನ್ನು ತೆಗೆದು ಲಾಗ್ ಪುಸ್ತಕಕ್ಕೆ ಅಂಟಿಸಿದರು, 1979ರಲ್ಲಿ ಗ್ಲೆನ್‌ಫರ್ಡ್ ಮೈಯರ್ಸ್ ಟೆಸ್ಟಿಂಗ್ ಕಲೆಯ ಮೇಲೆ ಗ್ರಂಥ ಬರೆದರು, ಅಲ್ಲಿಗೆ ಶಾಸ್ತ್ರ ಸ್ಥಾಪನೆಯಾಯಿತು. ಪ್ರಸ್ತುತ ಪ್ರಬಂಧ ಈ ಮತವನ್ನು ಸವಿನಯವಾಗಿ ತಳ್ಳಿಹಾಕುತ್ತದೆ. ಮೂಲಪುರುಷ ಶೂದ್ರಕನ ಮೃಚ್ಛಕಟಿಕದ ಕಳ್ಳ ಶರ್ವಿಲಕ. ಶೂದ್ರಕ ಯಾವ ಶತಮಾನದವನು ಎಂಬ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಆದರೆ ಹಾರ್ವರ್ಡ್‌ನ ಪತಂಗಕ್ಕಿಂತ ಹಿಂದಿನವನು ಎಂಬುದನ್ನು ಯಾರೂ ಅಲ್ಲಗಳೆದಿಲ್ಲವಾದ್ದರಿಂದ ನಮ್ಮ ವಾದಕ್ಕೆ ಅಷ್ಟು ಸಾಕು. ಈ ವಂಶಾವಳಿಯನ್ನು ಒಪ್ಪಿದರೆ ಇನ್ನೊಂದು ಮಾತನ್ನೂ ಒಪ್ಪಬೇಕಾಗುತ್ತದೆ: ಟೆಸ್ಟಿಂಗ್ ಪುಸ್ತಕಗಳನ್ನಷ್ಟೇ ಓದಿದ ಟೆಸ್ಟರ್ ಬೆಳೆಯುವುದಿಲ್ಲ, ಪರರ ಶಾಸ್ತ್ರಗಳಿಗೆ ಕನ್ನ ಹಾಕಿದವನು ಮಾತ್ರ ಬೆಳೆಯುತ್ತಾನೆ.

ಸಾಕ್ಷ್ಯಕ್ಕೆ ನಾಟಕದ ಮೂರನೆಯ ಅಂಕ ನೋಡಬೇಕು. ನಡುರಾತ್ರಿ ನಾಟಕದ ನಾಯಕ ಚಾರುದತ್ತನ ಮನೆಯ ಗೋಡೆಯೆದುರು ನಿಂತ ಶರ್ವಿಲಕ ಸಿಕ್ಕಸಿಕ್ಕಲ್ಲಿ ಅಗೆಯುವುದಿಲ್ಲ. ದಿನವೂ ಸೂರ್ಯನಿಗೆ ಅರ್ಘ್ಯ ಬಿಟ್ಟ ನೀರಿನಿಂದ ಗೋಡೆ ಎಲ್ಲಿ ಸವೆದಿದೆ, ಇಲಿ ಎಲ್ಲಿ ಮಣ್ಣು ಗುಡ್ಡೆ ಹಾಕಿದೆ ಎಂದು ಕೈಯಾಡಿಸಿ ಹುಡುಕುತ್ತಾನೆ. ನಿತ್ಯ ಬಳಕೆಯಾಗುವ ಜಾಗವೇ ಮೊದಲು ಸಡಿಲವಾಗುತ್ತದೆ ಎಂಬ ಈ ತತ್ತ್ವವನ್ನು ಇಂದು ಟೆಸ್ಟಿಂಗ್ ತಂಡಗಳು ಬಣ್ಣಬಣ್ಣದ ನಕ್ಷೆ ಬರೆದು ಮೀಟಿಂಗ್‌ನಲ್ಲಿ ತೋರಿಸುತ್ತವೆ. ಆಮೇಲೆ ಅವನು ಶಾಸ್ತ್ರ ನೆನೆಯುತ್ತಾನೆ: ಸುಟ್ಟ ಇಟ್ಟಿಗೆಯಾದರೆ ಕೀಳಬೇಕು, ಹಸಿಯದಾದರೆ ಕತ್ತರಿಸಬೇಕು, ಮಣ್ಣಿನ ಹೆಂಟೆಯಾದರೆ ನೆನೆಸಬೇಕು, ಮರವಾದರೆ ಸೀಳಬೇಕು. ಅರಳಿದ ತಾವರೆ, ಸೂರ್ಯ, ಎಳೆಚಂದ್ರ ಮುಂತಾದ ಏಳು ಬಗೆಯ ಕನ್ನಗಳಲ್ಲಿ ಈ ಗೋಡೆಗೆ ಪೂರ್ಣಕುಂಭವೇ ತಕ್ಕದ್ದೆಂದು ತೀರ್ಮಾನಿಸುತ್ತಾನೆ. ಅಳತೆಯ ದಾರ ಮರೆತು ಬಂದದ್ದರಿಂದ ಜನಿವಾರದಿಂದಲೇ ಅಳೆಯುತ್ತಾನೆ. ಬೆರಳಿಗೆ ಹಾವು ಕಚ್ಚಿದಾಗ ಅದರಿಂದಲೇ ಕಟ್ಟು ಹಾಕುತ್ತಾನೆ. ಲೈಸೆನ್ಸ್ ಶುಲ್ಕವಿಲ್ಲದ ಇಂಥ ಬಹೂಪಯೋಗಿ ಟೂಲ್ ಆಮೇಲೆ ಯಾರಿಗೂ ಸಿಕ್ಕಿಲ್ಲ. ಕನ್ನದೊಳಕ್ಕೆ ಮೊದಲು ತಾನು ಹೋಗದೆ ಒಂದು ಬೆರ್ಚಪ್ಪನನ್ನು ತೂರಿಸಿ ನೋಡುತ್ತಾನೆ. ಕದ ಕಿರುಗುಟ್ಟದಂತೆ ನೀರು ಚಿಮುಕಿಸುತ್ತಾನೆ. ಮಲಗಿದವರು ನಿಜಕ್ಕೂ ನಿದ್ದೆಯಲ್ಲಿದ್ದಾರೋ ನಟಿಸುತ್ತಿದ್ದಾರೋ ಎಂದು ಉಸಿರಿನ ಲಯ, ರೆಪ್ಪೆಯ ಬಿಗಿ ಗಮನಿಸುತ್ತಾನೆ, ಮುಖಕ್ಕೆ ದೀಪ ಹಿಡಿದು ಪರೀಕ್ಷಿಸುತ್ತಾನೆ. ಕೊನೆಗೆ ಆ ದೀಪವನ್ನು ಆರಿಸಲು ಜೊತೆಗೆ ತಂದಿದ್ದ ಒಂದು ಹುಳುವನ್ನು ಬಿಡುತ್ತಾನೆ. ಅದು ರೆಕ್ಕೆ ಬಡಿದು ದೀಪ ನಂದಿಸುತ್ತದೆ. ಹಾರ್ವರ್ಡ್‌ನವರಿಗೆ ಹುಳು ಅಕಸ್ಮಾತ್ತಾಗಿ ಸಿಕ್ಕಿತು. ಶರ್ವಿಲಕ ಅದನ್ನು ಬೇಕೆಂದೇ ಒಯ್ದಿದ್ದ. ಆದ್ಯತೆಯ ವಿವಾದ ಇಲ್ಲಿಗೆ ಮುಗಿಯಬೇಕು. (ಗಿರೀಶ್ ಕಾರ್ನಾಡರು ಈ ನಾಟಕವನ್ನು ಆಧರಿಸಿ ಮಾಡಿದ 1984ರ ಹಿಂದಿ ಚಿತ್ರ ‘ಉತ್ಸವ್’ನಲ್ಲಿ ಕಳ್ಳನ ಪಾತ್ರ ಶಂಕರ್ ನಾಗ್ ಅವರದಾಗಿತ್ತು. ಬೆಂಗಳೂರಿನ ಟೆಸ್ಟರುಗಳು ಇದನ್ನು ಗುರುಪರಂಪರೆಯ ಸಾಕ್ಷ್ಯವಾಗಿ ಪರಿಗಣಿಸಬಹುದು.)

ಈ ಪಟ್ಟಿಯಲ್ಲಿ ಶುದ್ಧ ಕಳ್ಳವಿದ್ಯೆ ಎಷ್ಟಿದೆ? ಇಟ್ಟಿಗೆಯ ಜ್ಞಾನ ಗಾರೆಯವನದು, ಹಾವಿನ ಕಟ್ಟು ವೈದ್ಯನದು, ನೂಲು ವೈದಿಕನದು, ಉಸಿರಿನ ಲಕ್ಷಣ ಅದನ್ನು ಬಲ್ಲವರದು. ಎಲ್ಲವನ್ನೂ ಅವರವರಿಗೆ ಹಿಂದಿರುಗಿಸಿದರೆ ಶರ್ವಿಲಕನಲ್ಲಿ ಉಳಿಯುವುದು ಕತ್ತಲೆ ಮತ್ತು ಆಸೆ. ಟೆಸ್ಟಿಂಗ್‌ನ ಸ್ಥಿತಿಯೂ ಇದೇ. ಅದಕ್ಕೆ ಸ್ವಂತ ಆಸ್ತಿ ಕಡಿಮೆ, ಮತ್ತು ಇದು ನಾಚಿಕೆಪಡುವ ವಿಷಯವಲ್ಲ.

ಆಧುನಿಕ ಆಧಾರ ಬೇಕೆನ್ನುವವರು ಮಲ್ಲಿಗೆಗೆ ಹೆಸರಾದ ಹೂವಿನಹಡಗಲಿಗೆ ಹೋಗಬೇಕು. 1920ರಲ್ಲಿ ಅಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರ ಮನೆಮಾತು ತೆಲುಗು ಎಂಬುದನ್ನು ಪ್ರಬಂಧಕಾರ ಮರೆಮಾಚುವುದಿಲ್ಲ. ಆರ್ಥೊಗೊನಲ್ ಅರೇ ಎಂಬ ಕೋಷ್ಟಕಗಳ ಮೇಲೆ ಅವರು ಮುಖ್ಯ ಲೇಖನ ಪ್ರಕಟಿಸಿದ್ದು ಪತಂಗ ಸಿಕ್ಕಿಬಿದ್ದ 1947ರಲ್ಲೇ. ದೇಶಕ್ಕೆ ಸ್ವಾತಂತ್ರ್ಯ ಬಂದದ್ದೂ ಅದೇ ವರ್ಷ. ಅದು ಕಾಕತಾಳೀಯವೋ ಅಲ್ಲವೋ ಎಂಬ ಬಗ್ಗೆ ಈ ಪ್ರಬಂಧ ತಟಸ್ಥ. ಆ ಕೋಷ್ಟಕಗಳ ಹಿಂದಿನ ಚಿಂತನೆಯ ಬೇರು ಹೊಲದಲ್ಲಿದೆ. ಯಾವ ಗೊಬ್ಬರ ಯಾವ ತಳಿಗೆ ಹೊಂದುತ್ತದೆಂದು ತಿಳಿಯಲು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ರೊನಾಲ್ಡ್ ಫಿಶರ್ ಪ್ರಯೋಗ ವಿನ್ಯಾಸದ ಶಾಸ್ತ್ರ ಕಟ್ಟಿದರು. ರಾವ್ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಮಾಡಿದ್ದು ಅವರ ಮಾರ್ಗದರ್ಶನದಲ್ಲಿ. ಮುಂದೆ ಆ ಕೋಷ್ಟಕಗಳನ್ನು ಜಪಾನಿನ ಗೆನಿಚಿ ತಗುಚಿ ಕಾರ್ಖಾನೆಗೆ ಒಯ್ದರು, ಕಾರ್ಖಾನೆಯಿಂದ ಟೆಸ್ಟರುಗಳು ಎತ್ತಿಕೊಂಡರು. ಲಾಭ ಏನೆಂದರೆ, ಊಟ ತರಿಸುವ ಒಂದು ಆ್ಯಪ್‌ನಲ್ಲಿ ಮೂರು ಬಗೆಯ ಫೋನ್, ಮೂರು ಭಾಷೆ, ಮೂರು ಪಾವತಿ ವಿಧಾನ, ಮೂರು ತರಹದ ನೆಟ್‌ವರ್ಕ್ ಇದ್ದರೆ ಒಟ್ಟು 81 ಜೋಡಣೆಗಳಾಗುತ್ತವೆ. ಕೋಷ್ಟಕ ಹಾಕಿದರೆ 9 ಸಲ ಓಡಿಸುವುದರಲ್ಲೇ ಯಾವ ಎರಡು ಅಂಶಗಳ ಜೋಡಿಯೂ ತಪ್ಪಿಹೋಗುವುದಿಲ್ಲ. ಉಳಿದ 72 ಸಲದ ಸಂಜೆಗಳನ್ನು ಟೆಸ್ಟರ್ ಮನೆಯವರೊಡನೆ ಕಳೆಯಬಹುದು, ಇದಕ್ಕಾಗಿ ಇಂಗ್ಲೆಂಡಿನ ರೈತರಿಗೆ ಋಣಿಯಾಗಿರಬಹುದು. ಮೂರು ಅಂಶಗಳು ಕೂಡಿದಾಗ ಮಾತ್ರ ಹೊರಬೀಳುವ ಬಗ್ ಈ ಬಲೆಯಿಂದ ನುಣುಚಿಕೊಳ್ಳಬಹುದು ಎಂಬುದೂ ಅಷ್ಟೇ ನಿಜ.

ಇಲ್ಲೊಂದು ಗಂಭೀರ ಪೂರ್ವಪಕ್ಷವಿದೆ: ಇವೆಲ್ಲ ಬರೀ ಉಪಮೆ, ಇನ್ನೊಂದು ಶಾಸ್ತ್ರದ ಹೆಸರು ತಂದು ಪವರ್‌ಪಾಯಿಂಟ್ ಅಲಂಕರಿಸಿದರೆ ಬಗ್ ಸಿಗುವುದಿಲ್ಲ. ಆಕ್ಷೇಪದಲ್ಲಿ ಅರ್ಧ ಸತ್ಯವಿದೆ, ಏಕೆಂದರೆ ಅನೇಕರು ಕದಿಯುವುದು ಹೆಸರನ್ನು ಮಾತ್ರ. ಕಲ್ಲಿದ್ದಲ ಗಣಿಗಳಲ್ಲಿ ವಿಷಾನಿಲದ ಸುಳಿವಿಗಾಗಿ ಕೆನರಿ ಹಕ್ಕಿ ಒಯ್ಯುವ ಪದ್ಧತಿ ಬ್ರಿಟನ್ನಿನಲ್ಲಿ 1986ರವರೆಗೂ ಇತ್ತು. ಅದನ್ನು ಕದ್ದವರು ಹೊಸ ಬಿಲ್ಡ್ ಅನ್ನು ಮೊದಲು ಕೆಲವೇ ಬಳಕೆದಾರರಿಗೆ ಬಿಡುತ್ತಾರೆ. ಆದರೆ ಗಣಿಯಲ್ಲಿ ಹಕ್ಕಿಯ ಮೇಲೆ ಸದಾ ಒಬ್ಬನ ಕಣ್ಣಿರುತ್ತಿತ್ತು. ನಮ್ಮಲ್ಲಿ ಹಕ್ಕಿಯನ್ನು ಇಳಿಸಿ ಎಲ್ಲರೂ ಟೀ ಕುಡಿಯಲು ಹೋಗುತ್ತಾರೆ. ಒಂದೇ ಟೆಸ್ಟ್ ಕೇಸ್ ಮತ್ತೆಮತ್ತೆ ಓಡಿಸಿದರೆ ಹೊಸ ಬಗ್ ಸಿಗದೆಂಬ ಮಾತನ್ನು ಬೋರಿಸ್ ಬೈಜರ್ ಕೀಟನಾಶಕದ ಹೆಸರಿನಿಂದ 1990ರಲ್ಲಿ ಕರೆದರು. ಹತ್ತಿ ಬೆಳೆಯುವವರಿಗೆ ಅದು ಹೊಸ ಮಾತೇನಲ್ಲ. ಒಂದೇ ಔಷಧಿ ಹೊಡೆದರೆ ಹುಳ ಒಗ್ಗಿಕೊಳ್ಳುತ್ತದೆಂದು ತಿಳಿದು ಅವರು ಔಷಧಿ ಬದಲಿಸುತ್ತಾರೆ. ಟೆಸ್ಟರ್ ಆ ಮಾತನ್ನು ಸರ್ಟಿಫಿಕೇಟ್ ಪರೀಕ್ಷೆಯಲ್ಲಿ ಬರೆದು ಪಾಸಾಗಿ, ಹಳೆಯ ಟೆಸ್ಟ್ ಕೇಸನ್ನೇ ಮತ್ತೆ ಓಡಿಸುತ್ತಾನೆ. ಆದ್ದರಿಂದ ಶರ್ವಿಲಕ ಮತದ ನಿಯಮ ಹೀಗಿದೆ: ಉಪಾಯವನ್ನು ಕದಿಯುವಾಗ ಅದು ತನ್ನ ಮನೆಯಲ್ಲಿ ಯಾವಾಗ ಕೈಕೊಡುತ್ತದೆ ಎಂಬುದನ್ನೂ ಸೇರಿಸಿಯೇ ಕದಿಯಬೇಕು. ಗುರುವಿನ ಪಾಡನ್ನೇ ನೋಡಿ. ಹುದುಗಿಸಿಟ್ಟ ನಿಧಿ ಇದ್ದರೆ ತಿಳಿಯಲೆಂದು ಅವನು ನೆಲಕ್ಕೆ ಬೀಜ ಎರಚಿದ, ಅದು ಉಬ್ಬಲಿಲ್ಲ. ಮನೆಯಲ್ಲಿ ಚಿನ್ನವಿಲ್ಲವೆಂದು ಹೊರಟೇಬಿಟ್ಟಿದ್ದ. ಚಿನ್ನ ನೆಲದೊಳಗಿರಲಿಲ್ಲ, ಹರಿದ ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿದ್ದ ವಿದೂಷಕನ ಬಳಿ ಇತ್ತು, ಅವನೇ ನಿದ್ದೆಗಣ್ಣಿನಲ್ಲಿ ಕೈಗಿತ್ತ. ಪರೀಕ್ಷೆ ಬಗ್ ಇದೆ ಎಂದು ತೋರಿಸಬಹುದೇ ಹೊರತು ಇಲ್ಲವೆಂದು ತೋರಿಸಲಾರದು ಎಂದು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಹೇಳಿ ಪ್ರಸಿದ್ಧರಾದದ್ದು ಬಹಳ ತಡವಾಗಿ.

ಆಟೊಮೇಷನ್ ಬಂದಿದೆ, ಕೃತಕ ಬುದ್ಧಿಮತ್ತೆಯೇ ಟೆಸ್ಟ್ ಬರೆಯುತ್ತದೆ, ಇನ್ನು ಇದೆಲ್ಲ ಏಕೆ ಎನ್ನುವವರಿಗೆ ಉತ್ತರ ಚಿಕ್ಕದು: ಬೆರ್ಚಪ್ಪ ಶರ್ವಿಲಕನ ಬಳಿಯೂ ಇದ್ದ. ಕನ್ನದಾಚೆ ಯಾರಾದರೂ ಕಾದಿದ್ದಾರೋ ಇಲ್ಲವೋ ಎಂಬುದನ್ನು ಅವನು ತೋರಿಸಿಕೊಟ್ಟ. ಮಲಗಿದವನು ಕಳ್ಳನಿದ್ದೆಯಲ್ಲಿದ್ದಾನೆಯೇ ಎಂದು ನೋಡಲು ಶರ್ವಿಲಕ ಒಳಗೆ ಹೋಗಲೇಬೇಕಾಯಿತು. ಕಳ್ಳತನವನ್ನು ಆದರ್ಶವಾಗಿಡಬಹುದೇ ಎಂಬ ನೈತಿಕ ಆಕ್ಷೇಪವೂ ಬಾರದಿರದು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ನೇ ಸೆಕ್ಷನ್ ಪ್ರಕಾರ ಪರರ ಕಂಪ್ಯೂಟರ್‌ಗೆ ಅಪ್ರಾಮಾಣಿಕವಾಗಿ ನುಗ್ಗಿದವನಿಗೆ 3 ವರ್ಷದವರೆಗೆ ಸೆರೆಮನೆ ಇದೆ, ಹೀಗಾಗಿ ಲಿಖಿತ ಅನುಮತಿಯಿಲ್ಲದೆ ಯಾರೂ ಗುರುವನ್ನು ಅನುಸರಿಸಬಾರದು. ಉಳಿದಂತೆ, ಕದ್ದ ಒಡವೆ ನಾಟಕದ ನಾಯಕಿ ವಸಂತಸೇನೆಯದೆಂದು ಅವಳ ದಾಸಿಯೂ ತನ್ನ ಪ್ರೇಯಸಿಯೂ ಆದ ಮದನಿಕೆಯಿಂದ ತಿಳಿದಾಗ ಶರ್ವಿಲಕ ಅದನ್ನು ಒಡತಿಗೇ ತಲುಪಿಸಿದ. ತಾನು ಕಂಡದ್ದನ್ನು ಡೆವಲಪರ್‌ಗೆ ಒಪ್ಪಿಸುವ ಟೆಸ್ಟರ್ ಮಾಡುವುದೂ ಅದನ್ನೇ. ಒಡವೆ ಪಡೆದ ವಸಂತಸೇನೆ ಮದನಿಕೆಯನ್ನೇ ಬಿಡುಗಡೆ ಮಾಡಿ ಅವನ ಜೊತೆ ಕಳಿಸಿದಳು; ಡೆವಲಪರ್‌ಗಳು ‘ನನ್ನ ಮೆಷಿನ್‌ನಲ್ಲಿ ಸರಿಯಾಗಿಯೇ ಓಡುತ್ತಿದೆ’ ಎನ್ನುತ್ತಾರೆ.

ಕಂಪನಿಗಳ ಎಚ್‌ಆರ್ ವಿಭಾಗಗಳಿಗೆ ಈ ಪ್ರಬಂಧದ ಶಿಫಾರಸು ಒಂದೇ. ಅಪ್ರೈಸಲ್ ಫಾರಂನಲ್ಲಿ ಈ ವರ್ಷ ಎಷ್ಟು ಬಗ್ ಹಿಡಿದಿರಿ ಎಂಬ ಕಾಲಂ ಪಕ್ಕ ಇನ್ನೊಂದು ಕಾಲಂ ಬರಲಿ: ಯಾವ ಶಾಸ್ತ್ರಕ್ಕೆ ಕನ್ನ ಹಾಕಿದಿರಿ, ಏನು ತಂದಿರಿ, ಅದು ಅಲ್ಲಿ ಯಾವಾಗ ಕೈಕೊಡುತ್ತಿತ್ತು. ಅದನ್ನು ಖಾಲಿ ಬಿಟ್ಟವರ ಇನ್‌ಕ್ರಿಮೆಂಟ್ ಮುಂದಿನ ವರ್ಷಕ್ಕೆ ಹೋಗಲಿ.