ಬೇವಿನ ಗಿಡ ನಡೆದು ಬಂತು

ನಮ್ಮ ಲಕ್ಕಲಕಟ್ಟಿ ಕಡೆ ಪಾಪವನ್ನು ಗೇಣಿನಲ್ಲಿ ಅಳೆಯುತ್ತೇವೆ. ವರ್ಷಾ ವರ್ಷ ಹರಗುವಾಗ ಕುಂಟಿ ಒಂದು ಗೇಣು ಬದುವಿನಾಚೆ ಸರಿಯುತ್ತದೆ. ಮೊದಲು ಅದು ಎತ್ತಿನ ತಪ್ಪಾಗಿತ್ತು, ಈಗ ಟ್ರ್ಯಾಕ್ಟರ್ ಡ್ರೈವರನದು. ಹಿಂಗೆ ಸರಿದೂ ಸರಿದೂ, ಕಾಕಾನ ಮಗನಿಗೂ ನನಗೂ ನಡುವಿನ ಬದುವಿನ ಮೇಲಿದ್ದ ಬೇವಿನ ಗಿಡ ಇಪ್ಪತ್ತು ವರ್ಷದಲ್ಲಿ ತಾನಾಗಿಯೇ ನಡೆದು ಬಂದು ನನ್ನ ಹೊಲದೊಳಗೆ ನಿಂತಿದೆ. ಗಿಡಕ್ಕೆ ಕಾಲು ಬಂದರೆ ನಾನೇನು ಮಾಡಲಿ?

ಆದರೂ ಒಳಗೊಳಗೇ ಕಸಿವಿಸಿ. ಗಜೇಂದ್ರಗಡದ ಕಾಲಕಾಲೇಶ್ವರನ ಗುಡ್ಡ ಹತ್ತಿ ಅಂತರಗಂಗೆಯ ನೀರು ತಲೆಗೆ ಹೊಯ್ದುಕೊಂಡೆ. ನೀರು ತಣ್ಣಗಿತ್ತು. ಗಿಡ ಅಲ್ಲೇ ಇತ್ತು. ಚಹಾದಂಗಡಿಯಲ್ಲಿ ಹಿರಿಯರೊಬ್ಬರು ದಾರಿ ತೋರಿಸಿದರು: "ಕ್ರಿಶ್ಚಿಯನ್ನರದು ಭಾಳ ಸಲೀಸೈತಿ ನೋಡಪಾ ತಮ್ಮಾ. ಐತವಾರ ಮಣಕಾಲೂರಿ ತಪ್ಪಾತು ಅಂದ್ರ ಖಾತೆ ನಿಲ್. ಸಾಲ ಮನ್ನಾ ಇದ್ದಂಗ."

ಮನ್ನಾ ಎಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. 2018ರಲ್ಲಿ ಎರಡು ಲಕ್ಷದವರೆಗಿನ ಬೆಳೆಸಾಲ ಮನ್ನಾ ಎಂದಾಗ ಆಧಾರ್, ರೇಷನ್ ಕಾರ್ಡು, ಉತಾರ ಹಿಡಿದು ಪಾಳಿ ಹಚ್ಚಿದವನು ನಾನು. ಇಲ್ಲಿ ಮಣಕಾಲೊಂದೇ ದಾಖಲೆ!

ಬೈಬಲ್ ಹುಡುಕಿ ತಂದೆ. ಹಿರಿಯರ ಮಾತು ಸುಳ್ಳಲ್ಲ. ಕ್ರಿಸ್ತ ಕಲಿಸಿದ ಪ್ರಾರ್ಥನೆಯಲ್ಲಿ ಪಾಪಕ್ಕೆ ಸುವಾರ್ತೆಗಾರ ಮತ್ತಾಯ ಬಳಸಿದ ಗ್ರೀಕ್ ಮಾತಿನ ಅರ್ಥವೇ ಸಾಲ. ಅದೇ ಮತ್ತಾಯನಲ್ಲಿ ಒಂದು ಕಥೆ: ಒಬ್ಬ ಸೇವಕನಿಗೆ ರಾಜ ಹತ್ತು ಸಾವಿರ ತಲಾಂತು ಬಿಟ್ಟುಕೊಡುತ್ತಾನೆ. ಲೆಕ್ಕ ಹಾಕಿದರೆ ಸುಮಾರು ಆರು ಕೋಟಿ ದಿನದ ಕೂಲಿ. ಅವನು ಹೊರಗೆ ಬಂದವನೇ, ತನಗೆ ನೂರು ದಿನದ ಕೂಲಿಯಷ್ಟು ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಸುಕುತ್ತಾನೆ. ನೂರು ದಿನ! ಉದ್ಯೋಗ ಖಾತ್ರಿ ಶುರುವಾದಾಗ ಒಂದು ಮನೆಗೆ ಒಂದು ವರ್ಷಕ್ಕೆಂದು ಹೇಳಿದಷ್ಟು. ರಾಜನಿಗೆ ಸಿಟ್ಟು ಬಂದು ಮನ್ನಾ ರದ್ದು. ಈ ಷರತ್ತನ್ನು ಚಹಾದಂಗಡಿಯಲ್ಲಿ ಯಾರೂ ಹೇಳಿರಲಿಲ್ಲ.

ಹಿಂದಿನ ಪುಟ ತಿರುವಿದರೆ ಇನ್ನೂ ಫಜೀತಿ. ಕಾಣಿಕೆ ಹಿಡಿದು ವೇದಿಯ ತನಕ ಬಂದಿದ್ದರೂ, ಅಣ್ಣತಮ್ಮನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದ್ದರೆ ಕಾಣಿಕೆ ಅಲ್ಲೇ ಇಟ್ಟು ಮೊದಲು ಅವನ ಹತ್ತಿರ ಹೋಗು ಎನ್ನುತ್ತಾನೆ ಯೇಸು. ದೇವರೇ ಹಿಂಗೆ ಬಂದವರನ್ನು ವಾಪಸ್ ಕಳಿಸಿದರೆ ಗುಡಿ ನಡೆಯುವುದು ಹೇಗೆ?

ಲೂಕನ ಸುವಾರ್ತೆಯ ಜಕ್ಕಾಯ ಅಂತೂ ಸುಂಕದವರ ಮುಖ್ಯಸ್ಥ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬುದು ನಮ್ಮ ಭಾಗಕ್ಕೆ ಗೊತ್ತು. 1980ರಲ್ಲಿ ನರಗುಂದದ ರೈತರು ಎದ್ದದ್ದು ಮಲಪ್ರಭೆ ನೀರಾವರಿಯ ಕರದ ವಿರುದ್ಧವೇ. ಅಂಥ ಸುಂಕದ ಜಾತಿಯ ಜಕ್ಕಾಯ, ಯೇಸು ಮನೆಗೆ ಬಂದದ್ದೇ ತಡ, ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಕಿತ್ತದ್ದಕ್ಕೆ ನಾಲ್ಕು ಪಟ್ಟು ಎಂದುಬಿಟ್ಟ. ನಾಲ್ಕು ಪಟ್ಟು! ನನ್ನ ಇಡೀ ಹೊಲ ಹೋಗಿ ಬೇವಿನ ಗಿಡವಷ್ಟೇ ಉಳಿಯುತ್ತದೆ. ಅದೂ ನನ್ನದಲ್ಲ.

ಹೋಗಲಿ, ದುಡ್ಡು ಕಟ್ಟಿ ಮುಗಿಸುವ ದಾರಿಯಾದರೂ? ಒಂದು ಕಾಲಕ್ಕೆ ಇತ್ತು. ರೋಮಿನ ಸಂತ ಪೇತ್ರರ ದೇವಾಲಯ ಕಟ್ಟಲು ಟೆಟ್ಜೆಲ್ ಎಂಬ ಸನ್ಯಾಸಿ ಜರ್ಮನಿಯ ಊರೂರಲ್ಲಿ ಪಾಪದ ದಂಡ ಮಾಫಿಯ ಚೀಟಿ ಮಾರುತ್ತಿದ್ದ. 1517ರಲ್ಲಿ ಲೂಥರ್ 95 ಸೂತ್ರ ಬರೆದು ಆ ವ್ಯಾಪಾರಕ್ಕೆ ಕಲ್ಲು ಹಾಕಿದ. ಪಶ್ಚಾತ್ತಾಪ ಬದುಕಿಡೀ ನಡೆಯಬೇಕು ಎಂಬುದೇ ಅವನ ಮೊದಲ ಸೂತ್ರ. ನನಗೆ ಹಿಡಿಸಿದವನು ಟೆಟ್ಜೆಲ್. ರೇಟು ಹೇಳುವವನನ್ನು ನಂಬಬಹುದು.

ಲೂಥರನ ಬಳಗದ ಬಾಸೆಲ್ ಮಿಷನ್ನಿನವರು 1840ರ ದಶಕದಲ್ಲೇ ನಮ್ಮ ಬೆಟಗೇರಿಗೆ ಬಂದಿದ್ದರು. ನೀವು ಪಾಪಿಗಳು ಎಂದು ಮನಗಾಣಿಸುವುದು ಅವರ ಕೆಲಸ. ಕನ್ನಡ ಅವರಿಗೆ ಅಲ್ಲೇ ಕೈಕೊಟ್ಟಿರಬೇಕು. ಕದ್ದವನು ಸಿಕ್ಕುಬಿದ್ದು ಅತ್ತರೆ ನಾವು "ಪಾಪ!" ಅನ್ನುವ ಜನ. ಅಪರಾಧವೂ ಅದೇ ಶಬ್ದ, ಬಿಡುಗಡೆಯೂ ಅದೇ.

ಕೊನೆಗೊಂದು ದಿನ ಧೈರ್ಯ ಮಾಡಿ ಕಾಕಾನ ಮಗನ ಬಾಗಿಲಿಗೆ ಹೋದೆ.

"ಅವ್ರು ಗಜೇಂದ್ರಗಡಕ್ಕ ಹೋಗ್ಯಾರ್ರೀ ಭಾವಾರ, ಹೊಲದ ಮೋಜಣಿಗೆ ಅರ್ಜಿ ಕೊಡಾಕ," ಎಂದಳು ಅವನ ಹೆಂಡತಿ.

ನೋಡಿ ಮತ್ತೆ. ಒಂದೇ ಮನೆತನದವರು, ಇಪ್ಪತ್ತು ವರ್ಷ ಸುಮ್ಮನಿದ್ದವನು. ಈಗಿನ ಮಂದಿಗೆ ಕ್ಷಮಿಸೋ ಬುದ್ಧಿ ಅನ್ನೋದೇ ಇಲ್ಲ.