ಷಿಕಾಗೊ ನುಂಗಿದ ಬದನೆಕಾಯಿ

ನಾರ್ಮನ್ ಗ್ರೀನ್‌ಬಾಮ್ ಯಾರು ಅಂತ ಕೇಳುವವರೂ ‘ಸ್ಪಿರಿಟ್ ಇನ್ ದಿ ಸ್ಕೈ’ ಹಾಡನ್ನು ಎಲ್ಲೋ ಒಂದು ಕಡೆ ಕೇಳಿರುತ್ತಾರೆ. ‘ಅಪೋಲೊ 13’ ಸಿನಿಮಾದಲ್ಲಿ ಬರುತ್ತದಲ್ಲ, ಅದೇ. ಶುರುವಾಗುವುದೇ ಗಿಟಾರಿನ ಗೊರಗೊರದಿಂದ, ಒಣಮೆಣಸಿನಕಾಯಿ ಹಾಕಿ ಮಿಕ್ಸಿ ತಿರುಗಿಸಿದ ಹಾಗೆ. ಆಮೇಲೆ ಚಪ್ಪಾಳೆ, ಹಿಂದಿನಿಂದ ಸ್ಟೋವಾಲ್ ಸಿಸ್ಟರ್ಸ್ ದನಿ. ಸತ್ತು ಮೇಲಕ್ಕೆ ಹೋಗುವ ವಿಷಯವನ್ನು ಇಷ್ಟು ಖುಷಿಯಾಗಿ ಹೇಳಿದವರು ಕಡಿಮೆ.

ತಮಾಷೆಯೆಂದರೆ ಏಸುವಿನ ಗೆಳೆತನ ಸಾರುವ ಈ ಹಾಡು ಬರೆದ ಮಹಾನುಭಾವ ಯಹೂದಿ. ಟಿವಿಯಲ್ಲಿ ಪೋರ್ಟರ್ ವ್ಯಾಗನರ್ ಭಕ್ತಿಗೀತೆ ಹಾಡುವುದನ್ನು ನೋಡಿ, ‘ನಾನೂ ಒಂದು ಕೈ ನೋಡೋಣ’ ಅಂತ ಕೂತನಂತೆ. ಸಾಹಿತ್ಯಕ್ಕೆ ಹಿಡಿದದ್ದು 15 ನಿಮಿಷ. ಹಾಲಿನವನ ತಿಂಗಳ ಲೆಕ್ಕಕ್ಕೆ ನನಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. 1970ರಲ್ಲಿ ಅದು ಅಮೆರಿಕದಲ್ಲಿ 3ನೇ ಸ್ಥಾನಕ್ಕೇರಿತು, ಬ್ರಿಟನ್ನಿನಲ್ಲಿ ಮೊದಲನೆಯದಕ್ಕೆ. ಅಲ್ಲಿ 1986ರಲ್ಲಿ ಡಾಕ್ಟರ್ ಅಂಡ್ ದಿ ಮೆಡಿಕ್ಸ್, 2003ರಲ್ಲಿ ಗ್ಯಾರೆತ್ ಗೇಟ್ಸ್ ಹಾಡಿದಾಗಲೂ ಮೊದಲ ಸ್ಥಾನವೇ. ಈಗಂತೂ ಶವಸಂಸ್ಕಾರಕ್ಕೂ ಇದನ್ನು ಹಾಕಿಸುತ್ತಾರೆ.

ಇದೆಲ್ಲ ಸರಿ. ಆದರೆ ಈ ಮನುಷ್ಯನ ಮನಸ್ಸು ಆಕಾಶದಲ್ಲಿ ಇರಲೇ ಇಲ್ಲ, ಅಡುಗೆಮನೆಯಲ್ಲಿತ್ತು ಅನ್ನುವುದು ನನ್ನ ವಾದ.

ಸಾಕ್ಷಿ ಬೇಕೆ? 1966ಕ್ಕೆ ಬನ್ನಿ. ಆಗ ಅವನದೊಂದು ತಂಡ: ‘ಡಾ. ವೆಸ್ಟ್ಸ್ ಮೆಡಿಸಿನ್ ಶೋ ಅಂಡ್ ಜಂಕ್ ಬ್ಯಾಂಡ್’. ಹೆಸರು ಓದಿ ಮುಗಿಸುವಷ್ಟರಲ್ಲಿ ಹಾಡೇ ಮುಗಿದಿರುತ್ತದೆ. ಅವರ ಹಾಡು ‘ದಿ ಎಗ್‌ಪ್ಲಾಂಟ್ ದಟ್ ಏಟ್ ಷಿಕಾಗೊ’. ಕಥೆ ಇಷ್ಟೇ: ಅಂತರಿಕ್ಷದಿಂದ ಒಂದು ಹಸಿದ ಬದನೆಕಾಯಿ ಇಳಿದು ಬಂದು ಇಡೀ ಷಿಕಾಗೊ ನಗರವನ್ನು ತಿಂದು ಮುಗಿಸುತ್ತದೆ, ನಿಮ್ಮ ಊರಿಗೂ ಬರಬಹುದು, ಹುಷಾರು! ಮದುವೆಮನೆಗಳಲ್ಲಿ ನಾನು ಮುಗಿಸಿರುವ ವಾಂಗಿಬಾತು, ಎಣ್ಣೆಗಾಯಿಗಳನ್ನು ನೆನೆದರೆ ಬದನೆಕಾಯಿಯ ಸಿಟ್ಟು ನ್ಯಾಯವೇ ಅನ್ನಿಸುತ್ತದೆ. ಅದು 52ನೇ ಸ್ಥಾನದವರೆಗೆ ತಿನ್ನುತ್ತಾ ಹೋಗಿ ನಿಂತಿತು.

ಸ್ವರ್ಗದ ಹಾಡು ಗೆದ್ದ ಮೇಲಾದರೂ ಬುದ್ಧಿ ಬಂತೆ? ಇಪ್ಪತ್ತು ಲಕ್ಷ ಪ್ರತಿ ಮಾರಿದವನು ಮುಂದೆ ಇನ್ನೊಂದು ದೇವರ ಪದ ಬರೆಯಬೇಕಿತ್ತು. ಬರೆದದ್ದು ‘ಕ್ಯಾನ್ಡ್ ಹ್ಯಾಮ್’, ಅಂದರೆ ಡಬ್ಬಿಯಲ್ಲಿ ತುಂಬಿದ ಹಂದಿಮಾಂಸದ ಮೇಲೆ! ಏಸುವನ್ನು ಹಾಡಿದ ಯಹೂದಿ ಈಗ ಹಂದಿಮಾಂಸಕ್ಕೆ ಇಳಿದ. ಜನ ಅದನ್ನು 46ರ ಆಚೆ ಬಿಡಲಿಲ್ಲ. ‘ಸ್ಪಿರಿಟ್ ಇನ್ ದಿ ಸ್ಕೈ’ ಆಲ್ಬಮ್ಮಿನಲ್ಲೇ ‘ಮಿಲ್ಕ್ ಕೌ’ ಅಂತ ಕರೆಯುವ ಹಸುವಿನ ಹಾಡೂ ಉಂಟು. ಆಮೇಲೆ ಕ್ಯಾಲಿಫೋರ್ನಿಯಾದ ಪೆಟಲೂಮಾದಲ್ಲಿ ಆಡು ಸಾಕಿ ಹಾಲಿನ ವ್ಯಾಪಾರಕ್ಕಿಳಿದ, 1972ರಲ್ಲಿ ಆಲ್ಬಮ್ಮಿಗೂ ಆ ಊರಿನ ಹೆಸರೇ ಇಟ್ಟ. ಆಡೂ ಕೈಹಿಡಿಯಲಿಲ್ಲ, ಆಲ್ಬಮ್ಮೂ ಕೈಹಿಡಿಯಲಿಲ್ಲ. ಕೊನೆಗೆ ಹೋಟೆಲುಗಳಲ್ಲಿ ಅಡುಗೆಗೆ ನಿಂತ. ಮೊದಲೇ ನಿಂತಿದ್ದರೆ ಷಿಕಾಗೊ ಉಳಿಯುತ್ತಿತ್ತು.

ವಿಮರ್ಶಕರು ಇವನನ್ನು ‘ಒಂದೇ ಹಾಡಿನ ಗಿರಾಕಿ’ ಅನ್ನುತ್ತಾರೆ. ನನಗೋ ಆ ಒಂದಕ್ಕಿಂತ ಬದನೆಕಾಯಿಯೇ ಹತ್ತಿರ. ನಾನು ಹೋದಾಗ ಇದನ್ನೇ ಹಾಕಿಸಬೇಕೆಂದು ಮೊನ್ನೆ ಮನೆಯಲ್ಲಿ ಹೇಳಿದೆ.

“ಹಾಕಿಸೋಣಂತೆ ಬಿಡ್ರೀ,” ಅಂದಳು ಇವಳು. “ಆದ್ರೆ ವೈಕುಂಠ ಸಮಾರಾಧನೆಗೆ ವಾಂಗಿಬಾತು ಬೇಡ. ಬಂದವರು ಹೆದರ್ಕೊತಾರೆ.”